ಕಂಕುಳಲ್ಲಿ ಕೆಂಪು ಬಾವುಟ

ಕಿತ್ತಳೆಯನ್ನು ಕೆಂಪಿನ ತಮ್ಮ ಎನ್ನಬೇಕೋ, ಹಳದಿಯ ಅಣ್ಣ ಎನ್ನಬೇಕೋ? ತಮ್ಮ ಎಂದರೆ ಜನ ಸುಮ್ಮನೆ ಹೆದರುತ್ತಾರೆ. ಅಣ್ಣ ಎಂದರೆ ಯಾರೂ ಮಗ್ಗುಲು ಕೂಡ ಬದಲಿಸುವುದಿಲ್ಲ. ಹೆದರಿಸಿ, ಆಮೇಲೆ ಏನೂ ಆಗದಿದ್ದರೆ? ಹೆದರಿಸದೆ, ಆಮೇಲೆ ಆಗಿಬಿಟ್ಟರೆ? ಸಂಘಪಾಲ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟ. ಮತ್ತೆ ಎತ್ತಿ ನೋಡಿದ. ಬೆಳಗಿನ ಎಂಟು ಗಂಟೆಗೆ ಬಂದ ಸಂದೇಶ ಬದಲಾಗಿರಲಿಲ್ಲ. ಇಡೀ ಜಿಲ್ಲೆಗೆ ಕಿತ್ತಳೆ ಎಚ್ಚರಿಕೆ. 'ಸಿದ್ಧರಾಗಿರಿ' ಎಂದಿತ್ತು. ಯಾವುದಕ್ಕೆ, ಎಲ್ಲಿ ನಿಂತು, ಕೈಯಲ್ಲಿ ಏನು ಹಿಡಿದು ಎಂಬುದನ್ನು ಓದುವವನ ವಿವೇಕಕ್ಕೆ ಬಿಡಲಾಗಿತ್ತು.

ಕಿಟಕಿಯಾಚೆ ಇಂಗಳವಾಡದ ಆಕಾಶ ಈಗಷ್ಟೇ ಬೆಳಗಿಟ್ಟ ತಟ್ಟೆಯ ಹಾಗಿತ್ತು. ಒಂದೇ ಒಂದು ಮೋಡವಿತ್ತು, ಅದೂ ಸಿಮೆಂಟ್ ಕಾರ್ಖಾನೆಯ ಚಿಮಣಿಯದು.

ಸಂಘಪಾಲ ಇತಿಹಾಸದಲ್ಲಿ ಎಂ.ಎ. ಮುಗಿಸಿ, ಮೂರು ವರ್ಷ ಅರ್ಜಿ ತುಂಬಿ, ಕೊನೆಗೆ ತನ್ನೂರಿನ ಪಂಚಾಯಿತಿ ಕಚೇರಿಯಲ್ಲೇ ಗುತ್ತಿಗೆಯ ಮೇಲೆ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಮಾತು ಕಡಿಮೆ. ಅವನ ಅವ್ವ ಅನಸುಬಾಯಿ ಹೇಳುವಂತೆ, "ಇವನಿಗಿ ಉಣ್ಲಿಕ್ಕಿ ಕರದ್ರ ಹೂಂ ಅನ್ಲಿಕ್ಕೂ ರೊಟ್ಟಿ ಆರೋ ತನಕ ಟೈಮ್ ಬೇಕು." ಇಂಥವನಿಗೆ ಊರಿಗೆಲ್ಲ ಎಚ್ಚರಿಕೆ ಹೇಳುವ ಕೆಲಸ ಬಂದದ್ದು ಒಂದು ಲಗ್ನದ ದೆಸೆಯಿಂದ. ಬೇಸಿಗೆಯಲ್ಲಿ ಸೇಡಂನಲ್ಲಿ ಹವಾಮಾನದ ಎಚ್ಚರಿಕೆಗಳ ಬಗ್ಗೆ ಅರ್ಧ ದಿನದ ತರಬೇತಿ ಇತ್ತು. ಹೋಗಬೇಕಾದವರ ಮನೆಯಲ್ಲಿ ಅದೇ ದಿನ ಅಕ್ಕಿಕಾಳು. ಹೀಗಾಗಿ ಇವನು ಹೋದ, ಉಪ್ಪಿಟ್ಟು ತಿಂದ, ನಾಲ್ಕು ಬಣ್ಣ ಕಲಿತು ಬಂದ. ಹಸಿರು ಎಂದರೆ ಚಿಂತೆಯಿಲ್ಲ. ಹಳದಿ ಎಂದರೆ ಕಣ್ಣಿಟ್ಟಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂತಲ್ಲಿಂದ ಏಳಿ. ಮಳೆಯ ಅಳತೆಯಲ್ಲಿ, ಒಂದು ದಿನಕ್ಕೆ ಇಪ್ಪತ್ತು ಸೆಂಟಿಮೀಟರ್ ದಾಟುವಂತಿದ್ದರೆ ಕೆಂಪು.

ಇದನ್ನು ಊರವರ ಮುಂದೆ ಹೇಳಿದ ದಿನ ಪಂಚಾಯಿತಿ ಅಧ್ಯಕ್ಷೆ ಲಲಿತಾಬಾಯಿ ಸೆರಗು ಸರಿಮಾಡಿಕೊಂಡು ಕೇಳಿದಳು: "ಇಪ್ಪತ್ತು ಸೆಂಟಿಮೀಟರ್ ಅಂದ್ರ ಎಷ್ಟಪಾ?"

ಸಂಘಪಾಲ ಹೆಬ್ಬೆರಳು, ಕಿರುಬೆರಳು ಅಗಲಿಸಿ ತೋರಿಸಿದ.

"ಗೇಣು?" ಲಲಿತಾಬಾಯಿ ತನ್ನ ಕೈಯನ್ನೂ ಚಾಚಿ ನೋಡಿಕೊಂಡಳು. "ಒಂದ್ ಗೇಣ್ ಮಳಿಗಿ ಇಷ್ಟು ಮಂದೀನ ಕೆಲಸ ಬಿಡ್ಸಿ ಕೂಡ್ಸಿಯೇನು?"

"ಎಲ್ಲಾ ಕಡಿ ಗೇಣ್ ಗೇಣ್ ಬಿದ್ರ, ಅಷ್ಟೂ ಇಳಕೊಂಡು ಬರೋದು ನಮ್ಮ ಹೊಳಿಗೇ ರೀ," ಎಂದ ಸಂಘಪಾಲ. ಅದು ಅವನ ಮಟ್ಟಿಗೆ ದೊಡ್ಡ ಭಾಷಣ.

ಕೆಳಗಿನ ಓಣಿ ಕಾಗಿಣಾ ಹೊಳೆಯ ದಂಡೆಗೆ ಅಂಟಿಕೊಂಡಿತ್ತು. ಅಲ್ಲಿನ ಅರ್ಧ ಮಂದಿಗೆ ಫೋನಿನ ಸಂದೇಶ ಓದಲು ಬಾರದು, ಉಳಿದರ್ಧ ಮಂದಿಗೆ ಓದುವ ಮನಸ್ಸಿಲ್ಲ. ಅದಕ್ಕೇ ಪಂಚಾಯಿತಿ ಮಾಳಿಗೆಯ ಮೇಲೆ ಬಣ್ಣಬಣ್ಣದ ಬಾವುಟ ಹಾರಿಸೋಣ ಎಂದು ಸಂಘಪಾಲ ಸೂಚಿಸಿದ್ದ. ಟೇಲರ್ ಮೌಲಾಲಿಯ ಬಳಿ ಕಿತ್ತಳೆ ಬಟ್ಟೆ ಇರಲಿಲ್ಲ. ಕಾವಿಯಲ್ಲಿ ಹೊಲಿದು ತಂದ.

ಲಲಿತಾಬಾಯಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಇದು ನಮ್ಮ ಮಠದ ಮ್ಯಾಲಿಂದ ಇಳಿಸಿ ತಂದಾಂಗ ಅದ. ಇದನ್ನ ಹಾರ್ಸಿ, ಊರಿಗಿ ಗಂಡಾಂತರ ಅದ ಅಂದ್ರ, ಮೊದಲ ನನಗೇ ಗಂಡಾಂತರ."

"ಹಸಿರು ಹಾರ್ಸಿದ್ರ ಎಲ್ಲಾ ಛಲೋ ಅದ ಅಂತ ಸರ್ಕಾರದವ್ರೇ ಬರದಾರ," ಎಂದ ಮೌಲಾಲಿ. "ಅದಕ್ಕ ನಂದೇನ್ ತಕರಾರಿಲ್ರಿ ಬಾಯಾರ."

"ನೀಲಿ ಎಲ್ಲಿ ಬಿಟ್ರಿ?" ಹಿಂದಿನಿಂದ ಸಂಘಪಾಲನ ಅಪ್ಪ ಧರ್ಮಣ್ಣ ಕೇಳಿದ. "ಮುಗಿಲು ನೀಲಿ, ನೀರು ನೀಲಿ. ನಡುವ ನಮ್ಮ ಬಣ್ಣ ಒಂದೇ ಎಲ್ಲ್ಯೂ ಇಲ್ಲ."

ಕೊನೆಗೆ ಕಲ್ಲಿನ ಗಣಿ ಕೂಲಿಗಳ ಎರಡು ಹಳೆಯ ಜಾಕೀಟು ಬಿಚ್ಚಿ ಕಿತ್ತಳೆ ಬಾವುಟ ಆಯಿತು. ಬೆನ್ನಿನ ಬೆಳ್ಳಿಪಟ್ಟಿ ಹಾಗೇ ಉಳಿಯಿತು. ಅದಕ್ಕೆ ಯಾವ ಜಾತಿಯ, ಯಾವ ಪಕ್ಷದ ಗುರುತೂ ಇರಲಿಲ್ಲ.

ಬಾವುಟ ಏರಿಸುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಧರ್ಮಣ್ಣ ಮೂವತ್ತೊಂದು ವರ್ಷ ಸಿಮೆಂಟ್ ಕಂಪನಿಯ ಗಣಿಯಲ್ಲಿ ಬಾವುಟದವನಾಗಿದ್ದವನು. ಬಂಡೆ ಹಾರಿಸುವ ಮುಂಚೆ ಊರ ಅಂಚಿಗೆ ಬಂದು ಕೆಂಪು ಬಾವುಟ ನೆಟ್ಟು, ಕೈಸೈರನ್ನಿನ ಹಿಡಿಕೆ ತಿರುವುತ್ತಿದ್ದ. ಮೂರು ಸಲ ಗಿಡ್ಡ. ಅಷ್ಟಾದರೆ ಊರು ತನ್ನಷ್ಟಕ್ಕೆ ಒಳಗೆ ಸೇರುತ್ತಿತ್ತು. ಕಲ್ಲು ಹಾರಿ ಬರುತ್ತವೆಂದು ಬಾಗಿಲು ಹಾಕಿ, ಗೋಡೆಯ ಹಲಗೆಯ ಮೇಲಿನ ಕೊಡಗಳಿಗೆ ಕೈ ಒತ್ತಿ ಹಿಡಿಯುತ್ತಿದ್ದರು. ಐದೋ ಹತ್ತೋ ನಿಮಿಷ. ಧಡ್ ಎನ್ನುತ್ತಿತ್ತು, ನೆಲದ ಫರಸಿಕಲ್ಲು ನಡುಗುತ್ತಿತ್ತು. ಆಮೇಲೆ ಒಂದೇ ಒಂದು ಉದ್ದನೆಯ ಸೈರನ್, ಮುಗಿಯಿತು ಎಂದು. ಬಾಗಿಲು ತೆರೆಯುತ್ತಿದ್ದವು. ಊರಿನ ಗಡಿಯಾರ ಅದೇ ಆಗಿತ್ತು. ಧರ್ಮಣ್ಣ ನಿವೃತ್ತನಾದ ಮೇಲೆ ಬಂದ ಯಂತ್ರದ ಸೈರನ್ನಿಗೆ ಈಗಲೂ ಮುದುಕಿಯರು 'ಅದು ಧರ್ಮಣ್ಣನ್ಹಾಂಗ ಅಳಂಗಿಲ್ಲ' ಎನ್ನುತ್ತಾರೆ.

ಅವನ ಜೀವನದ ಹೆಮ್ಮೆ ಒಂದೇ ಸಾಲಿನದು. "ಮೂವತ್ತೊಂದು ವರ್ಷ, ಒಂದೂ ಫುಸ್ ಇಲ್ಲ."

ಫುಸ್ ಎಂದರೆ ಬತ್ತಿಗೆ ಬೆಂಕಿ ಬಿದ್ದೂ ಮದ್ದು ಹಾರದಿರುವುದು. ಗಣಿಯಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ, ಏಕೆಂದರೆ ಅದು ಯಾವಾಗ ಹಾರುತ್ತದೋ ಯಾರಿಗೂ ಗೊತ್ತಿಲ್ಲ. ಆಗ ಸೈರನ್ ಮುಟ್ಟುವಂತಿಲ್ಲ. ಉದ್ದ ಊದಿದರೆ ಜನ ಮುಗಿಯಿತೆಂದು ಹೊರಬರುತ್ತಾರೆ, ಗಿಡ್ಡ ಊದಿದರೆ ಇನ್ನೂ ಒಳಗೆ ಕೂರುತ್ತಾರೆ. ಆದ್ದರಿಂದ ಅರ್ಧ ತಾಸು ಕಾದು, ಬಾವುಟದವನೇ ಬಾವುಟ ಸುತ್ತಿ ಕಂಕುಳಲ್ಲಿಟ್ಟುಕೊಂಡು ಓಣಿಯುದ್ದಕ್ಕೂ ಬಾಯಿಬಿಡದೆ ನಡೆಯಬೇಕು. ಅದನ್ನು ಕಂಡವರು ಹೆಚ್ಚು ಕೇಳದೆ ಎದ್ದು, ಕಲ್ಲು ತಲುಪದ, ದಿಬ್ಬದ ಮೇಲಿನ ಶಾಲೆಗೆ ಹೋಗಬೇಕು. ಇನ್ನೊಂದು ಪಾಳಿಯ ಬಾವುಟದವನು ಚಂದ್ರಾಮ ಹೀಗೆ ನಾಲ್ಕು ಸಲ ನಡೆದಿದ್ದ. ತಪ್ಪು ಮದ್ದಿನದು, ಆದರೆ ಹೆಸರು ನಡೆದವನಿಗೆ. ಫುಸ್ ಚಂದ್ರಾಮ. ಅವನು ಸಂಸಾರ ಸಮೇತ ವಾಡಿಗೆ ಹೋಗಿ ನೆಲೆಸಿದ, ಹೆಸರು ಅವನಿಗಿಂತ ಮುಂಚಿನ ರೈಲಿನಲ್ಲಿ ಹೋಗಿತ್ತು. ಧರ್ಮಣ್ಣ ಮಾತ್ರ ತನ್ನ ಪಾಳಿಯಲ್ಲಿ ಬಾವುಟವನ್ನು ಒಮ್ಮೆಯೂ ಕಂಕುಳಲ್ಲಿಟ್ಟವನಲ್ಲ. ಸಾಯಬಣ್ಣನ ಚಹಾ ಅಂಗಡಿಯಲ್ಲಿ ಇದನ್ನು ದಿನಕ್ಕೊಮ್ಮೆ ಹೇಳದೆ ಅವನಿಗೆ ಚಹಾ ಇಳಿಯುತ್ತಿರಲಿಲ್ಲ.

ಆ ಸಭೆಯ ದಿನ ನಾಲ್ಕು ಬಣ್ಣ ಯಾರಿಗೂ ತಲೆಗೆ ಹೋಗದೆ ಇದ್ದಾಗ ಅವನೇ ಎದ್ದು ನಿಂತಿದ್ದ.

"ನಾ ಹೇಳ್ತೀನಿ ಕೇಳ್ರಿ. ಹಳದಿ ಅಂದ್ರ ಬಂಡಿಗಿ ತೂತು ಕೊರದಾರ. ಕಿತ್ತಳೆ ಅಂದ್ರ ಮದ್ದು ತುಂಬ್ಯಾರ. ಕೆಂಪು ಅಂದ್ರ ಬತ್ತಿಗಿ ಬೆಂಕಿ ಹಚ್ಯಾರ. ತಿಳೀತೇನು?"

ಸಭೆ ಒಮ್ಮೆಲೇ ಹಗುರವಾಯಿತು. "ಹೀಂಗ ಹೇಳಬೇಕು ನೋಡು," ಎಂದು ಲಲಿತಾಬಾಯಿ ಸಂಘಪಾಲನ ಕಡೆ ನೋಡಿದಳು. "ಎಂ.ಎ. ಓದಿದಾಂವ ಗೇಣ್ ತೋರಸ್ತಾನ."

ಸಂಘಪಾಲನಿಗೂ ಅಂದು ಖುಷಿಯಾಗಿತ್ತು. ಅಪ್ಪನ ಹೋಲಿಕೆ ಅವನಿಗೆ ತರಬೇತಿಯ ಹಾಳೆಗಿಂತ ಚೆಂದ ಕಂಡಿತ್ತು. ಚೆಂದ ಕಂಡದ್ದರಲ್ಲಿ ಇನ್ನೇನು ಅಡಗಿದೆ ಎಂದು ಆಗ ಅವನಿಗೆ ಹೊಳೆದಿರಲಿಲ್ಲ.

ಈಗ ಸೆಪ್ಟೆಂಬರ್. ಬೆಳಗ್ಗೆ ಕಿತ್ತಳೆ ಏರಿತು. ಊರು ತಲೆಯೆತ್ತಿ ನೋಡಿ, ಮದ್ದು ತುಂಬ್ಯಾರ ಎಂದುಕೊಂಡು ತೊಗರಿ ಹೊಲಕ್ಕೆ ಹೋಯಿತು. ಹತ್ತೂಮುಕ್ಕಾಲಿಗೆ ಸಂಘಪಾಲನ ಫೋನು ಮತ್ತೆ ಗುನುಗಿತು. ಕೆಂಪು.

ಅವನು ಏಣಿ ಹತ್ತಿ ಮಾಳಿಗೆಗೆ ಹೋದ. ಧರ್ಮಣ್ಣ ನೀರಿನ ಟ್ಯಾಂಕಿನ ನೆರಳಲ್ಲಿ, ಪಕ್ಕದಲ್ಲಿ ಕೈಸೈರನ್ ಇಟ್ಟುಕೊಂಡು ಕೂತಿದ್ದ. ಆ ಸೈರನ್ ಕಂಪನಿಯವರು ಗುಜರಿಗೆ ಹಾಕಿದ್ದು, ಅವನು ಕಾಡಿಬೇಡಿ ತಂದದ್ದು.

"ಯಪ್ಪಾ, ಕೆಂಪು ಬಂತು."

ಧರ್ಮಣ್ಣ ಆಕಾಶ ನೋಡಿದ. ಸೂರ್ಯ ಕಣ್ಣು ಕುಕ್ಕುತ್ತಿದ್ದ. "ಬರ್ತದೋ, ಬರಬಹುದೋ?"

"ಭಾಳ ಮಾಡಿ ಬರ್ತದ."

"ಭಾಳ ಮಾಡಿ ಅಂದ್ರೇನು? ಬತ್ತಿಗಿ ಬೆಂಕಿ ಹಚ್ಚಿ, ಭಾಳ ಮಾಡಿ ಹಾರ್ತದ ಅಂತ ನಾ ಎಂದಾರ ಹೇಳೀನೇನು? ನಾ ಕೆಂಪು ಏರ್ಸಿದ್ರ ಹಾರಬೇಕು. ಇಲ್ಲಂದ್ರ ನಾ ಏರ್ಸಂಗಿಲ್ಲ."

"ಜಿಲ್ಲಾಕ್ಕೆಲ್ಲಾ ಕೆಂಪು ಕೊಟ್ಟಾರ. ಚಿಂಚೋಳಿ, ಚಿತ್ತಾಪುರ, ನಮ್ಮ ಸೇಡಂ, ಎಲ್ಲಾ."

"ಅಂದ್ರ ಎಲ್ಲಿ ಹಾರ್ತದೋ ಅವ್ರಿಗೂ ಗೊತ್ತಿಲ್ಲ."

ಮಾತು ನಿಜವಾಗಿತ್ತು. ಸಂಘಪಾಲ ಕೆಂಪು ಬಾವುಟ ಎತ್ತಿ ಅಪ್ಪನ ಮುಂದೆ ಹಿಡಿದ. ಅಪ್ಪ, ಮಗ ಹೀಗೆ ಎದುರುಬದುರು ಹಟ ಹಿಡಿಯುವುದು ಆ ಮನೆಗೆ ಹೊಸದಲ್ಲ. ಗೆಲ್ಲುವವನು ಸಾಮಾನ್ಯವಾಗಿ ಮಗ. ಧರ್ಮಣ್ಣ ಗೊಣಗುತ್ತ ಎದ್ದು, ಕಿತ್ತಳೆ ಇಳಿಸಿ ಕೆಂಪು ಏರಿಸಿದ. ಹನ್ನೊಂದಕ್ಕೆ ಸರಿಯಾಗಿ ಸೈರನ್ನಿನ ಹಿಡಿಕೆ ತಿರುವಿದ. ಮೂರು ಗಿಡ್ಡ.

ಊರು ತಾನು ಮೂವತ್ತೊಂದು ವರ್ಷ ಕಲಿತದ್ದನ್ನು ಮಾಡಿತು. ಹೊಲದ ದಾರಿಯಲ್ಲಿದ್ದವರು ಓಡಿ ಬಂದು ಮನೆ ಸೇರಿದರು. ಕೆಳಗಿನ ಓಣಿಯಲ್ಲಿ ಒಂದೊಂದೇ ಬಾಗಿಲು ಹಾಕಿಕೊಂಡವು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೂ ಒದ್ದೆ ಗಂಟು ಹೊತ್ತು ಒಳಗೆ ನುಗ್ಗಿ ಅಗಳಿ ಹಾಕಿದರು. ಮಾಳಿಗೆಯ ಮೇಲಿಂದ ನೋಡುತ್ತಿದ್ದ ಸಂಘಪಾಲನಿಗೆ ಅಪ್ಪನ ಹೋಲಿಕೆಯೊಳಗೆ ಅಡಗಿದ್ದದ್ದು ಈಗ ಹೊಳೆಯಿತು. ದಂಡೆಯ ಮೂವತ್ತು ಮನೆಗಳ ಜನ ಎತ್ತರಕ್ಕೆ ಹೋಗಬೇಕಾದ ಹೊತ್ತಿಗೆ, ದಂಡೆಯ ಮೂವತ್ತು ಮನೆಗಳ ಒಳಗೇ ಕೂತಿದ್ದರು, ಕೊಡಗಳಿಗೆ ಕೈ ಒತ್ತಿಕೊಂಡು.

ಅವನು ಓಡಿದ. ಮೊದಲ ಮನೆ ಅಮೀರ್‌ಬೀಯದು. ಎಪ್ಪತ್ತರ ಮುದುಕಿ, ಏಳು ಆಡು. ಕಿಟಕಿಯ ಸರಳಿನಿಂದ ಮೊದಲು ಒಂದು ಆಡು ನೋಡಿತು, ಆಮೇಲೆ ಆಕೆ ನೋಡಿದಳು.

"ಖಾಲಾ, ಹೊರಗ ಬರ್ರಿ. ಸಾಲಿಗಿ ನಡೀರಿ."

"ಕೆಂಪು ಹಾರಿಸೀರಿ, ಹೊರಗ ಬಾ ಅಂತೀಯೇನೋ? ತಲಿ ನೆಟ್ಟಗದ ಇಲ್ಲೋ?"

"ಇದು ಬ್ಲಾಸ್ಟಿಂಗ್ ಅಲ್ರಿ. ಮಳಿ. ಹೊಳಿ ಬರ್ತದ."

"ಮಳಿ ಬಂದ್ರಂತೂ ಒಳಗೇ ಇರಬೇಕು. ಅಷ್ಟೂ ಗೊತ್ತಿಲ್ಲೇನು?" ಅಮೀರ್‌ಬೀ ಕಿಟಕಿಗೆ ಮುಖ ಇನ್ನಷ್ಟು ಹತ್ತಿರ ತಂದಳು. "ಹೋದ ವರ್ಷನೂ ಪಂಚಾಯ್ತಿಯವ್ರು ಕಳ್ಸ್ಯಾರ ಅಂತ ನೀನೇ ಬಂದಿದ್ದಿ. ಹೊಳಿ ಬರ್ತದ ಅಂದಿ. ನಾ ಸಾಮಾನು ಹೊತ್ಕೊಂಡು ಸಾಲಿಗಿ ಹೋದೆ. ಹೊಳಿ ಮೆಟ್ಟಲ ತನಕ ಬಂದು ನೋಡ್ಕೊಂಡು ವಾಪಸ್ ಹೋಯ್ತು. ನನ್ನ ಕೋಳಿ ಮಾತ್ರ ವಾಪಸ್ ಬರ್ಲಿಲ್ಲ. ಅದರ ಜವಾಬು ಮೊದಲು ಕೊಡು."

ಎರಡನೆಯ ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲ. ಮೂರನೆಯ ಮನೆಯಲ್ಲಿ ಒಬ್ಬಾತ ಒಳಗಿನಿಂದಲೇ, "ಕಲ್ಲು ಬಿದ್ದೀತು, ಮನಿಗಿ ಹೋಗಪಾ" ಎಂದು ಕನಿಕರದಿಂದ ಹೇಳಿದ. ನಾಲ್ಕನೆಯ ಮನೆಯ ಹೆಂಗಸು, ಅನ್ನಕ್ಕಿಟ್ಟಿದ್ದೇನೆ, ಧಡ್ ಅಂದ ಮೇಲೆ ಬರುತ್ತೇನೆ ಎಂದಳು. ಧಡ್ ಅನ್ನುವುದೇ ಇಲ್ಲ ಎಂದು ಸಂಘಪಾಲ ಎಷ್ಟು ಹೇಳಿದರೂ ಆಕೆಗೆ ಅದು ಸಮಾಧಾನದ ಸುದ್ದಿಯಾಗಿಯೇ ಕೇಳಿಸಿತು. ಏದುಸಿರು ಬಿಡುತ್ತ ಅವನು ವಾಪಸು ಬಂದು ಏಣಿ ಹತ್ತಿದ.

ಧರ್ಮಣ್ಣ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಇಪ್ಪತ್ತು ನಿಮಿಷ," ಎಂದ. "ನನ್ನ ಬಾವುಟಕ್ಕ ಇಷ್ಟೊತ್ತು ಎಂದೂ ಹಿಡಿದಿಲ್ಲ."

ಕೆಳಗೆ ಸಾಯಬಣ್ಣ ತನ್ನ ಅಂಗಡಿಯ ತಗಡಿನ ಚಪ್ಪರದಿಂದ ತಲೆ ಮಾತ್ರ ಹೊರಗೆ ಹಾಕಿ ಕೂಗಿದ. ಅವನು ಹಿಂದೆ ಗಣಿಯಲ್ಲಿ ಡಂಪರ್ ನಡೆಸಿದವನು, ನಾಲಿಗೆಗೆ ಬ್ರೇಕಿಲ್ಲದವನು. "ಧರ್ಮಣ್ಣಾ, ಹಾರ್ತೋ ಇಲ್ಲೋ? ಹಾಲು ಉಕ್ಲಿಕತ್ತದ. ಊದಿ ಬಿಡು ಮಾರಾಯಾ, ಒಂದ್ ಉದ್ದಂದು."

ಧರ್ಮಣ್ಣ ಗಡಿಯಾರದಿಂದ ಕಣ್ಣೆತ್ತಲಿಲ್ಲ.

"ಖರೆ ಹೇಳು, ಮದ್ದು ತುಂಬಿದ್ರೋ, ಬೇಸನ್ ಹಿಟ್ಟು ತುಂಬಿದ್ರೋ?"

ಆ ಹೊತ್ತಿಗೆ ಸಂಘಪಾಲನ ಫೋನಿಗೆ ಸಿದ್ಧಲಿಂಗನ ಸಂದೇಶ ಬಂತು. ಎಂ.ಎ.ಯಲ್ಲಿ ಒಂದೇ ಬೆಂಚಿನವನು, ಈಗ ಚಿಂಚೋಳಿಯಲ್ಲಿ ಅತಿಥಿ ಉಪನ್ಯಾಸಕ. ಸಂದೇಶದ ಜೊತೆ ಒಂದು ವಿಡಿಯೋ. ಬಸ್ಸಿನ ಚಕ್ರ ಮುಳುಗಿದೆ, ಯಾರದೋ ಕೊಡೆ ತೇಲಿ ಹೋಗುತ್ತಿದೆ. 'ಬೆಳಗಿನ ಐದರಿಂದ ಒಂದೇ ಸಮ. ಇಂಥ ಮಳೆ ನೋಡಿಲ್ಲ. ಮುಲ್ಲಾಮಾರಿ ಸೇತುವೆ ಕಾಣ್ತಿಲ್ಲ. ನಿಮ್ಮಲ್ಲಿ ಹೇಗೆ?' ಸಮಯ ಹನ್ನೊಂದು ಇಪ್ಪತ್ತೈದು.

ಮುಲ್ಲಾಮಾರಿ ಹೊಳೆ ಹೋಗಿ ಸೇರುವುದು ಕಾಗಿಣಾಕ್ಕೆ. ಅಲ್ಲಿಯ ನೀರು ಇಳಿದು ಇಂಗಳವಾಡದ ದಂಡೆಗೆ ಬರಲು ಅರ್ಧ ದಿನ ಸಾಕು. ಐದರಿಂದ ಎಣಿಸಿದರೆ ಸಂಜೆಯೊಳಗೆ. ಅಂದರೆ ಎಚ್ಚರಿಕೆ ಸುಳ್ಳಾಗಿರಲಿಲ್ಲ. ಕೆಂಪು ತಾನು ಹೇಳಿದ್ದನ್ನು ಮಾಡಿತ್ತು, ಹಾರಬೇಕಾದದ್ದು ಹಾರಿತ್ತು, ಐವತ್ತು ಕಿಲೋಮೀಟರ್ ಆಚೆ.

"ಏನಂತದು ಫೋನು?" ಧರ್ಮಣ್ಣ ಕೇಳಿದ.

ಸಂಘಪಾಲ ಬಾಯಿ ತೆರೆದ.

ಹೇಳಿದರೆ ಏನಾಗುತ್ತದೆಂದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಚಿಂಚೋಳಿಯಲ್ಲಿ ಹಾರಿತು ಎಂದ ಕೂಡಲೇ ಅಪ್ಪನ ಮುಖಕ್ಕೆ ರಕ್ತ ಮರಳುತ್ತದೆ. ನೋಡು, ನನ್ನ ಕೆಂಪು ಎಂದರೆ ಕೆಂಪು ಎನ್ನುತ್ತಾನೆ. ಹಾರಿದ ಮೇಲೆ ಉದ್ದ ಊದಬೇಕು, ಅದು ಮೂವತ್ತೊಂದು ವರ್ಷದ ನಿಯಮ. ಕೈ ಆಗಲೇ ಹಿಡಿಕೆಯ ಮೇಲಿದೆ. ಊದಿದರೆ ಓಣಿ ಬಾಗಿಲು ತೆರೆದು, ಉಸಿರು ಬಿಟ್ಟು, ಒದ್ದೆ ಬಟ್ಟೆಯ ಗಂಟು ಹೊತ್ತು ಹೊಳೆಗೆ ಇಳಿಯುತ್ತದೆ. ತಡೆಯಲು ಇವನ ಹತ್ತಿರ ಇರುವುದು ಅರ್ಧ ದಿನ, ಐವತ್ತು ಕಿಲೋಮೀಟರ್, ಸಂಜೆಯೊಳಗೆ ಎಂಬ ಮಾತುಗಳು. ಆ ಮಾತುಗಳಿಗೆ ಹೋದ ವರ್ಷವೇ ಒಂದು ಕೋಳಿ ಬಲಿಯಾಗಿದೆ. ಓಣಿ ಎದ್ದು ನಡೆಯುವುದು ಒಂದೇ ಒಂದು ಗುರುತಿಗೆ. ಆ ಗುರುತನ್ನು ಅಪ್ಪ ಸುಳ್ಳಾಗಿ ತೋರಿಸುವವನಲ್ಲ. ತನ್ನ ಬಾವುಟ ಫುಸ್ ಆಗಿದೆಯೆಂದು ನಂಬಿದರೆ ಮಾತ್ರ ಅವನು ಅದನ್ನು ಸುತ್ತಿಯಾನು.

"ಏನಂತಪಾ?" ಧರ್ಮಣ್ಣ ಮತ್ತೆ ಕೇಳಿದ. "ಎಲ್ಲ್ಯಾರ ಹಾರಿತಂತೇನು?"

"ಏನಿಲ್ಲ," ಎಂದ ಸಂಘಪಾಲ. "ಸಿದ್ಧಲಿಂಗ. ಸುಮ್ನ ಮೆಸೇಜ್ ಹಾಕ್ಯಾನ."

ಫೋನನ್ನು ಜೇಬಿಗೆ ಹಾಕಿದ.

ಹನ್ನೊಂದೂವರೆ ಆಯಿತು. ಧರ್ಮಣ್ಣ ಗಡಿಯಾರವನ್ನು ಕೈಗೆ ಕಟ್ಟಿಕೊಂಡ. ಎದ್ದು ಹೋಗಿ ಕಂಬದಿಂದ ಬಾವುಟ ಇಳಿಸಿದ. ಅದನ್ನು ಮೊಣಕಾಲ ಮೇಲೆ ಹರವಿ ಮಡಿಕೆಗಳನ್ನು ಅಂಗೈಯಿಂದ ತೀಡಿದ.

"ಕಂಪನ್ಯಾಗ ಇದ್ದಾಗ ಆಗಿದ್ರ ಮದ್ದಿನವನಿಗಿ ಬೈಬಹುದಿತ್ತು," ಎಂದ. "ಇಲ್ಲಿ ಯಾರಿಗಿ ಬೈಲಿ?"

"ಸರ್ಕಾರಕ್ಕ ಬೈ."

"ಸರ್ಕಾರ ಏನ್ ಬಾವುಟ ಹಿಡಿದಿತ್ತೇನು?"

ಅವನು ನಿಧಾನಕ್ಕೆ ಬಾವುಟ ಸುತ್ತಿದ, ಬಿಗಿಯಾಗಿ, ಬಟ್ಟೆಯ ಒಂದು ಅಂಚೂ ಹೊರಗೆ ಕಾಣದಂತೆ. ಕಂಕುಳಲ್ಲಿಟ್ಟುಕೊಂಡ. ಏಣಿಯ ಮೇಲೆ ಕಾಲಿಟ್ಟವನು ಒಂದು ಕ್ಷಣ ನಿಂತು, ಮಗನ ಕಡೆ ನೋಡದೆ, "ನೀ ಹಿಂದ ಬರಬ್ಯಾಡ," ಎಂದ.

ಇನ್ನು ನಿಯಮದಂತೆ ಬಾಯಿಬಿಡುವಂತಿರಲಿಲ್ಲ.

ಧರ್ಮಣ್ಣ ಚಹಾ ಅಂಗಡಿಯ ಮುಂದೆ ಬಂದಾಗ ಸಾಯಬಣ್ಣ ಇನ್ನೊಂದು ಮಾತಿಗೆ ಬಾಯಿ ತೆರೆದಿದ್ದ. ಕಂಕುಳು ಕಂಡಿತು. ತೆರೆದ ಬಾಯಿ ಹಾಗೇ ಉಳಿಯಿತು. ಆಮೇಲೆ ಅವನು ಹಿಂತಿರುಗಿ, ಉರಿಯುತ್ತಿದ್ದ ಒಲೆ ಆರಿಸಿ, ಹಾಲಿನ ಪಾತ್ರೆ ಎತ್ತಿಕೊಂಡು ದಿಬ್ಬದ ಕಡೆ ಹೊರಟ. ಪಾತ್ರೆಯ ಮುಚ್ಚಳ ಮರೆತಿದ್ದ.

ಕೆಳಗಿನ ಓಣಿಯಲ್ಲಿ ಧರ್ಮಣ್ಣ ನಡುವೆ ನಡೆದ, ಮೆರವಣಿಗೆಯಿಂದ ಒಬ್ಬನೇ ಉಳಿದವನಂತೆ. ಅವನು ಯಾವ ಬಾಗಿಲನ್ನೂ ತಟ್ಟಲಿಲ್ಲ. ಕಿಟಕಿಗಳಿಂದ ಕಂಡವರು ಪಕ್ಕದವರಿಗೆ ಕೈಮಾಡಿ ತೋರಿಸಿದರು. ಅಗಳಿಗಳು ಒಂದಾದ ಮೇಲೊಂದು ಸರಿದವು. ಅನ್ನಕ್ಕಿಟ್ಟಿದ್ದ ಹೆಂಗಸು ಅರೆಬೆಂದ ಅನ್ನದ ಪಾತ್ರೆಯನ್ನು ಸೆರಗಲ್ಲಿ ಹಿಡಿದು ಹೊರಬಂದಳು. ಮುದುಕರನ್ನು ಬೆನ್ನ ಮೇಲೆ ಹೊತ್ತರು. ಯಾರೂ ಯಾಕೆ ಎನ್ನಲಿಲ್ಲ, ಎಷ್ಟು ಹೊತ್ತು ಎನ್ನಲಿಲ್ಲ. ಮಾಳಿಗೆಯಿಂದ ನೋಡುತ್ತಿದ್ದ ಸಂಘಪಾಲನಿಗೆ ಅಷ್ಟು ದೂರದಿಂದ ಆಡಿನ ಕೊರಳ ಗಂಟೆ ಕೂಡ ಕೇಳಿಸಿತು, ಓಣಿ ಅಷ್ಟು ಸುಮ್ಮನಿತ್ತು.

ಅಮೀರ್‌ಬೀ ಏಳು ಆಡುಗಳನ್ನೂ ಒಂದೇ ಹಗ್ಗಕ್ಕೆ ಪೋಣಿಸಿಕೊಂಡು ಬಾಗಿಲಿಗೆ ಬಂದಳು. ಧರ್ಮಣ್ಣನ ಕಂಕುಳು ನೋಡಿ, ಮುಖ ನೋಡಿ, ತಲೆಯ ಮೇಲಿನ ಸೆರಗು ಮುಂದೆಳೆದುಕೊಂಡಳು.

"ಯಾ ಅಲ್ಲಾ. ನಿಮಗೂ ಆಯ್ತೇನು, ಧರ್ಮಣ್ಣ ಭಾಯಿ?"

ಅವನು ನಿಲ್ಲಲಿಲ್ಲ. ನಿಲ್ಲುವುದು ನಿಯಮದಲ್ಲಿರಲಿಲ್ಲ.

ಮಧ್ಯಾಹ್ನ ಶಾಲೆಯಲ್ಲಿ ನೂರೈವತ್ತು ಜನ, ಏಳು ಆಡು, ಒಂದು ಟಿವಿ. ಹೊರಗೆ ರಣಬಿಸಿಲು. ಒಂದು ಗಂಟೆಯಾಯಿತು, ಎರಡಾಯಿತು. ಲಲಿತಾಬಾಯಿ ಬಿಸಿಯೂಟದ ಅಕ್ಕಿ ತೆಗೆಸಿ ಅಡುಗೆ ಹಚ್ಚಿಸಿದಳು. ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಮೂರು ಗಂಟೆಗೆ ಕೆಲವರು, ಅರ್ಧ ದಿನದ ಕೂಲಿ ಹೋಯಿತು, ಇಳಿಯೋಣವೇ ಎಂದು ಪಿಸುಗುಟ್ಟಿದರು. ಆದರೆ ಸುತ್ತಿದ ಬಾವುಟ ಬಿಚ್ಚುವ ತನಕ ಇಳಿಯುವಂತಿರಲಿಲ್ಲ. ಧರ್ಮಣ್ಣ ಶಾಲೆಯ ಮೆಟ್ಟಿಲ ಮೇಲೆ, ಅದನ್ನು ಕಂಕುಳಲ್ಲೇ ಇಟ್ಟುಕೊಂಡು, ಜನರಿಗೆ ಬೆನ್ನು ಮಾಡಿ ಕೂತಿದ್ದ.

ನಾಲ್ಕೂವರೆಗೆ ಹೊಳೆ ಬಂತು. ಗುಡುಗಿಲ್ಲ, ಹನಿಯಿಲ್ಲ. ಬಿಸಿಲಲ್ಲೇ, ಕೆಂಪು ಚಹಾದ ಬಣ್ಣದ ನೀರು ಮೆಟ್ಟಿಲು ಹತ್ತಿತು, ಓಣಿಯ ಫರಸಿಯ ಮೇಲೆ ಹರಡಿತು, ಬಾಗಿಲುಗಳಿಂದ ಒಳಗೆ ಹೋಯಿತು. ಅರ್ಧ ತಾಸಿನಲ್ಲಿ ಅಮೀರ್‌ಬೀಯ ಕಿಟಕಿಯ ಸರಳು ಕಾಣದಾಯಿತು. ಜನ ದಿಬ್ಬದ ಅಂಚಿಗೆ ಬಂದು ನಿಂತು, ತಮ್ಮ ಮನೆ ಯಾವುದೆಂದು ಬೆರಳು ಮಾಡಿ ಒಬ್ಬರಿಗೊಬ್ಬರು ತೋರಿಸಿದರು. ಒಬ್ಬಾಕೆಯ ಬೀಸುಕಲ್ಲಿನ ಗೂಟ, ಒಬ್ಬನ ಹಾಸಿಗೆ, ಮೌಲಾಲಿಯ ಬಟ್ಟೆಯ ಥಾನು ತೇಲಿ ಹೋದವು. ಮನುಷ್ಯರು ಎಲ್ಲರೂ ಮೇಲಿದ್ದರು. ಲಲಿತಾಬಾಯಿ ಎರಡು ಸಲ ಎಣಿಸಿದಳು.

ಮೊದಲು ಮಾತಾಡಿದವನು ಸಾಯಬಣ್ಣ.

"ಐದು ತಾಸು ಲೇಟ್ ಹಾರಿತು," ಎಂದ. ಹಾಲಿನ ಪಾತ್ರೆಯಲ್ಲೇ ಮಾಡಿದ ಚಹಾವನ್ನು ಒಂದು ಸ್ಟೀಲ್ ಲೋಟಕ್ಕೆ ಸುರಿದು ಮೆಟ್ಟಿಲ ಬಳಿ ತಂದಿಟ್ಟ. "ತಗೋ, ಫುಸ್ ಧರ್ಮಣ್ಣಾ. ಕುಡಿ."

ಯಾರೋ ನಕ್ಕರು. ಆಮೇಲೆ ಇಡೀ ಶಾಲೆ ನಕ್ಕಿತು, ಮನೆ ಮುಳುಗಿದವರೂ ಸೇರಿ, ಕಣ್ಣಲ್ಲಿ ನೀರು ಬರುವಷ್ಟು. ಧರ್ಮಣ್ಣ ಲೋಟ ಎತ್ತಿಕೊಂಡ. ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಬಾವುಟ ಕಂಕುಳಲ್ಲಿದ್ದುದರಿಂದ ಎಡಗೈ ಬಿಗಿಹಿಡಿದೇ ಚಹಾ ಕುಡಿದ.

ಹೆಸರು ನಿಂತಿತು. ಪ್ರೀತಿಯಿಂದಲೇ ಕರೆಯುತ್ತಿದ್ದರು, ಅದು ಇನ್ನೂ ಗಟ್ಟಿಯಾಗಿ ನಿಲ್ಲಲು ಕಾರಣವಾಯಿತು. ಓಣಿಯ ಗೋಡೆಗಳಿಂದ ರಾಡಿ ತೊಳೆಯುವಾಗ ಅಮೀರ್‌ಬೀ, "ಫುಸ್ ಭಾಯಿ ಇಲ್ಲದಿದ್ರ ನಾ ಇಷ್ಟೊತ್ತಿಗಿ ತೇಲಿ ಶಹಾಬಾದ ದಾಟಿರ್ತಿದ್ದೆ" ಎಂದು ಹೋಗುವವರಿಗೆ, ಬರುವವರಿಗೆ ಹೇಳಿದಳು. ಶಾಲೆಯ ಮಕ್ಕಳು ಕಟ್ಟಿಗೆಗೆ ಕೆಂಪು ರಿಬ್ಬನ್ ಸುತ್ತಿ ಕಂಕುಳಲ್ಲಿಟ್ಟು ಸಾಲಾಗಿ ನಡೆದು ಆಡಿದರು. ಧರ್ಮಣ್ಣ ಈಗಲೂ ಚಹಾ ಅಂಗಡಿಗೆ ಹೋಗುತ್ತಾನೆ. ಯಾವುದೋ ಮಾತಿಗೆ "ಮೂವತ್ತೊಂದು ವರ್ಷ" ಎಂದು ಶುರುಮಾಡಿ, ಸಾಯಬಣ್ಣನ ಮುಖ ನೋಡಿ, ಉಳಿದದ್ದನ್ನು ಚಹಾದ ಜೊತೆ ನುಂಗುತ್ತಾನೆ.

ಊರಿಗೆ ಈಗ ಬಣ್ಣಗಳು ಗೊತ್ತು, ತಮ್ಮದೇ ರೀತಿಯಲ್ಲಿ. ಕೆಂಪಿಗೆ ಇಂದಿಗೂ ಒಳಗೇ ಹೋಗುತ್ತಾರೆ. ಸುತ್ತಿದ ಕೆಂಪಿಗೆ ದಿಬ್ಬ ಹತ್ತುತ್ತಾರೆ. ಸಂಘಪಾಲ ತಿದ್ದಲು ಹೋಗಿಲ್ಲ. ಮೇಲಿನವರಿಗೆ ಕಳಿಸಿದ ವರದಿಯಲ್ಲಿ 'ಸಾರ್ವಜನಿಕರು ಸಹಕರಿಸಿದರು' ಎಂದು ಬರೆದ.

ನೀರಿಳಿದು ನಾಲ್ಕನೆಯ ದಿನ ಧರ್ಮಣ್ಣ ಮಾಳಿಗೆಯ ಮೇಲೆ ಬಾವುಟಗಳನ್ನು ತೊಳೆದು ಒಣಹಾಕುತ್ತಿದ್ದ. ಬಗಲಲ್ಲಿ ಹಳೆಯ ಪೇಪರಿತ್ತು. ಚಿಂಚೋಳಿಯಲ್ಲಿ ಬಿದ್ದ ಭಾರೀ ಮಳೆಯ ಫೋಟೋ, ಮುಳುಗಿದ ಬಸ್ಸು.

"ಅಲ್ಲಿ ಯಾವಾಗ ಬಿದ್ದಿದ್ದಂತ?" ಮಗನ ಕಡೆ ತಿರುಗದೆ ಕೇಳಿದ. "ನಾ ಬಾವುಟ ಏರ್ಸೋಕಿಂತ ಮೊದಲೋ, ಸುತ್ತಿದ ಮ್ಯಾಲೋ?"

ಸಂಘಪಾಲ ಪೇಪರು ತೆಗೆದುಕೊಂಡು, ಓದಿದ್ದನ್ನೇ ಮತ್ತೆ ಓದಿದ.

"ಟೈಮ್ ಬರದಿಲ್ಲ," ಎಂದ.

ಧರ್ಮಣ್ಣ ತಲೆಯಾಡಿಸಿ, ಕಿತ್ತಳೆ ಬಾವುಟದ ಬೆಳ್ಳಿಪಟ್ಟಿಗೆ ಅಂಟಿದ ಸಿಮೆಂಟ್ ಧೂಳನ್ನು ಉಗುರಿನಿಂದ ಕೆರೆಯತೊಡಗಿದ. ಸಂಘಪಾಲ ಏಣಿ ಇಳಿದು ಕಂಪ್ಯೂಟರಿನ ಮುಂದೆ ಹೋಗಿ ಕುಳಿತ.

ಆ ದಿನದ ಕೆಂಪು ಫುಸ್ ಆಗಿರಲಿಲ್ಲ, ಅದು ತನಗೆ ಹನ್ನೊಂದು ಇಪ್ಪತ್ತೈದಕ್ಕೇ ಗೊತ್ತಿತ್ತು ಎಂದು ಅವನು ಅಪ್ಪನಿಗೆ ಎಂದೂ ಹೇಳಲಿಲ್ಲ.